ದೊಡ್ಡಬಾಯಿ ಹೂ ಬಿಟ್ಟ ವರ್ಷ

ಜನವರಿ ೯

ಗಂಟುಮೂಟೆ ಕಟ್ಟಿಕೊಂಡು ಅಣ್ಣನ ಮನೆಗೆ ಬಂದು ಒಂದು ವಾರವಾಯಿತು. ಮನೆ ಅನ್ನುವುದು ಮರ್ಯಾದೆಗೆ. ಕಡೇ ಮಹಡಿಯಲ್ಲಿ ಎರಡು ಕೋಣೆ ಅವನಿಗೆ, ತಾರಸಿಯ ಮೇಲೆ ಒಂದು ಗಾಜಿನ ಕೋಣೆ ಗಿಡಗಳಿಗೆ. ಮೂರರಲ್ಲಿ ವಾಸಕ್ಕೆ ಯೋಗ್ಯವಾಗಿರುವುದು ಗಿಡಗಳದ್ದೇ. ಅಲ್ಲಿ ಫ್ಯಾನಿದೆ, ಮಂಜು ಉಗುಳುವ ಯಂತ್ರವಿದೆ, ಹೊತ್ತುಹೊತ್ತಿಗೆ ಸೋಸಿದ ನೀರಿದೆ. ನನಗೆ ಒಂದು ಮಡಚುವ ಮಂಚ. ಕಾಲು ಚಾಚಿದರೆ ಬೀರುವಿಗೆ ಒದೆತ.

ಅಣ್ಣನ ಕಾಯಿಲೆ ಬಗ್ಗೆ ನರದ ಡಾಕ್ಟರು ಹೇಳಿದ್ದನ್ನು ಬರೆದಿಟ್ಟರೆ ನಂಬಿಕೆ ಬರುತ್ತದೇನೋ ಅಂತ ಬರೆಯುತ್ತಿದ್ದೇನೆ. ಸ್ನಾಯುಗಳಿಗೆ ಅಪ್ಪಣೆ ಒಯ್ಯುವ ನರಗಳು ಒಂದೊಂದಾಗಿ ಸಾಯುತ್ತಿವೆ. ಮೊದಲು ಕೈ, ಆಮೇಲೆ ಕಾಲು, ನಾಲಿಗೆ, ಗಂಟಲು, ಕಡೆಗೆ ಉಸಿರು. ಔಷಧಿಯಿಲ್ಲ. "ಬುದ್ಧಿ ಮಾತ್ರ ಕೊನೇ ತನಕ ಚುರುಕಾಗಿರುತ್ತೆ," ಅಂದರು, ಅದೇನೋ ಸಮಾಧಾನದ ಮಾತು ಅನ್ನುವ ಹಾಗೆ.

"ಹಾಗಾದ್ರೆ ಈ ಕಾಯಿಲೆ ಬುದ್ಧಿ ಇರೋರಿಗೆ ಬರಬೇಕಿತ್ತು. ಸುಮ್ನೆ ನನಗೆ ಬಂದು ದಂಡ," ಅಂದ ಅಣ್ಣ.

ಮದುವೆಯಾಗಲಿಲ್ಲ. ಜೀವನವಿಡೀ ಲಿಫ್ಟ್ ರಿಪೇರಿ ಮಾಡಿದ. ಇಡೀ ಆಯಸ್ಸು ಕತ್ತಲ ಬಾವಿಯಲ್ಲಿ ನೇತಾಡಿದವನಿಗೆ ಗಾಜಿನ ಕೋಣೆ ಬೇಡವಾ ಅಂತ ಅವನ ವಾದ. ಗಾಜಿನ ಕೋಣೆ ಇರಲಿ, ಅದರೊಳಗೆ ಸಾಕಿರುವುದು ಏನನ್ನು? ಹೂಜಿ ಗಿಡಗಳನ್ನು. ಎಲೆಯ ತುದಿಯಿಂದ ಒಂದು ನೂಲು ಇಳಿದು, ಅದರ ಕೊನೆ ಉಬ್ಬಿ ಹೂಜಿಯಾಗುತ್ತದೆ. ಮೇಲೊಂದು ಮುಚ್ಚಳ, ಒಳಗೆ ಹುಳಿರಸ. ಜಾರಿ ಬಿದ್ದ ಇರುವೆ, ನೊಣ ಎಲ್ಲ ಅಲ್ಲೇ ಕರಗಿ ಗಿಡಕ್ಕೆ ಊಟ. ಜನ ನೆರಳಿಗೆ ಗಿಡ ಸಾಕುತ್ತಾರೆ, ಹಣ್ಣಿಗೆ ಸಾಕುತ್ತಾರೆ. ನೊಣ ತಿನ್ನಲಿ ಅಂತ ಸಾಕುವುದು ಯಾವ ಸೀಮೆ ಹವ್ಯಾಸವೋ.

"ಹಲ್ಲಿಲ್ಲದೆ ತಿಂತಾವೆ. ನಿನ್ನ ಗಿರಾಕಿಗಳಲ್ಲ ಬಿಡು," ಅಂದ. ನಾನು ಕಟ್ಟುಹಲ್ಲು ಮಾಡುವವಳು. ಹಲ್ಲಿನ ಡಾಕ್ಟರುಗಳು ಕಳಿಸುವ ಅಚ್ಚು ನೋಡಿ ಹಲ್ಲಿನ ಸೆಟ್ ಮಾಡಿಕೊಡುವುದು ನನ್ನ ಕಸುಬು. ಈಗ ಅರ್ಧ ದಿನ ಲ್ಯಾಬಿನಲ್ಲಿ, ಅರ್ಧ ದಿನ ಇಲ್ಲಿ.

ಜನವರಿ ೨೧

ಮೇಲಿನಿಂದ "ಏಯ್, ಬಾರೇ ಇಲ್ಲಿ!" ಅಂತ ಕೂಗಿದ. ಬಿದ್ದನೆಂದೇ ಮೆಟ್ಟಿಲು ಹಾರಿ ಹೋದೆ. ಬಿದ್ದಿರಲಿಲ್ಲ. ಸ್ಟೂಲಿನ ಮೇಲೆ ಕೂತು ನಗುತ್ತಿದ್ದ. ಮೂಲೆಯಲ್ಲಿರುವ ದೊಡ್ಡ ಗಿಡ, ಅವನು ದೊಡ್ಡಬಾಯಿ ಅಂತ ಕರೆಯುವುದು, ಹೂವಿನ ದಂಟು ಎತ್ತಿದೆ. ಅದರ ಒಂದೊಂದು ಹೂಜಿಯ ಬಾಯಿಗೂ ನನ್ನ ಮುಷ್ಟಿ ಹೋಗುತ್ತದೆ. ಬೀಜದಿಂದ ಬೆಳೆಸಿದ್ದಂತೆ. ಈವರೆಗೆ ಒಂದು ಹೂವೂ ಬಿಟ್ಟಿರಲಿಲ್ಲ.

ಈ ಜಾತಿಯಲ್ಲಿ ಗಂಡು ಗಿಡವೇ ಬೇರೆ, ಹೆಣ್ಣು ಗಿಡವೇ ಬೇರೆ. ಹೂ ಬಿಡುವ ತನಕ ಯಾವುದು ಯಾವುದೆಂದು ಬ್ರಹ್ಮನಿಗೂ ತಿಳಿಯುವುದಿಲ್ಲ.

"ಹೆಣ್ಣು ಕಣೇ! ಇಷ್ಟು ವರ್ಷ 'ಸೋಮಾರಿ ನನ್ಮಗನೇ' ಅಂತ ಬೈದುಬಿಟ್ಟೆ ಪಾಪ."

ಇನ್ನು ಇದಕ್ಕೊಂದು ಗಂಡು ಬೇಕು. ಬಾಯಿಯ ಅಂಚಿಗೆ ಕೆಂಪು ಪಟ್ಟೆಯಿರುವ ಒಂದು ಗಂಡು ಗಿಡ, ಇವನ ಹಾಗೇ ಹೂಜಿ ಗಿಡದ ಹುಚ್ಚಿರುವ ಕನ್ನಡಕದಂಗಡಿಯವರ ಹತ್ತಿರ ಇದೆ. ಎರಡನ್ನೂ ಕೂಡಿಸಿದರೆ ದೊಡ್ಡ ಬಾಯಿ, ಅದರ ಅಂಚಿಗೆಲ್ಲ ಪಟ್ಟೆ. ಅಂಥದ್ದು ಯಾರೂ ಮಾಡಿಲ್ಲವಂತೆ. ಹೇಳುವಾಗ ಅವನ ಕಣ್ಣು ನೋಡಬೇಕಿತ್ತು. ಆದರೆ ಕನ್ನಡಕದವರ ಜೊತೆ ಮಾತು ಬಿಟ್ಟು ವರ್ಷಗಳಾಗಿವೆ. ಅವರು ಒಮ್ಮೆ ಇವನ ಗಿಡವೊಂದನ್ನು ಮುಟ್ಟಿ ನೋಡಿ "ಪ್ಲಾಸ್ಟಿಕ್ಕಾ?" ಅಂದಿದ್ದರಂತೆ.

"ನಾನಂತೂ ಕೇಳಲ್ಲ," ಅಂದ.

ಅಂದರೆ ನಾನು ಕೇಳಬೇಕು ಅಂತ.

ಜನವರಿ ೨೪

ಹೋಗಿ ಕೇಳಿದೆ. ಕನ್ನಡಕದವರು ನನ್ನ ಮಾತು ಮುಗಿಯುವ ತನಕ ಒಂದು ಚೌಕಟ್ಟು ಒರೆಸುತ್ತಲೇ ಇದ್ದರು. ಅಣ್ಣನ ಕಾಯಿಲೆಯ ಹೆಸರು ಹೇಳಿದಾಗ ಒರೆಸುವುದು ನಿಂತಿತು. "ಹೂ ಬಿಟ್ಟ ದಿನ ನಾನೇ ತರ್ತೀನಮ್ಮ," ಅಂದರು. ಬರುವಾಗ ಬೇಡವೆಂದರೂ ನನ್ನ ಕನ್ನಡಕದ ತಿರುಪು ಬಿಗಿಮಾಡಿ ಕೊಟ್ಟರು.

ಫೆಬ್ರವರಿ ೪

ಕನ್ನಡಕದವರು ಕಾಗದದ ಪೊಟ್ಟಣದಲ್ಲಿ ಪರಾಗ ತಂದರು. ಅರಿಶಿನದ ಚಿಟಿಕೆಯಂತಿತ್ತು. ಅಣ್ಣ ಬಾಗಿಲಲ್ಲಿ ಅವರನ್ನು ನೋಡಿ "ಇದು ಪ್ಲಾಸ್ಟಿಕ್ ಅಲ್ಲ ತಾನೆ?" ಅಂದ. ಇಬ್ಬರೂ ನಕ್ಕರು. ಇಷ್ಟು ವರ್ಷದ ಜಗಳ ಅಷ್ಟಕ್ಕೇ ಮುಗಿಯಿತು. ಗಂಡಸರದ್ದು ಇಷ್ಟೇ.

ಹೆಣ್ಣು ಹೂವಿಗೆ ದಳ ಅಂತ ಹೇಳಿಕೊಳ್ಳುವುದೇನೂ ಇಲ್ಲ. ಹಸಿರು ಗುಂಡು, ಅದರ ತಲೆಯ ಮೇಲೆ ಒಂದು ಹನಿ ಅಂಟು. ಆ ಅಂಟಿಗೆ ಪರಾಗ ತಾಕಿಸಬೇಕು. ಅಣ್ಣ ಕುಂಚ ಹಿಡಿದ. ಹಿಡಿದ ಅನ್ನುವುದಕ್ಕಿಂತ ಬೆರಳ ಮಧ್ಯೆ ಸಿಕ್ಕಿಸಿಕೊಂಡ. ದಂಟಿನ ತನಕ ಕೈ ಹೋಯಿತು, ಅಲ್ಲಿ ನಡುಗಿತು, ಕುಂಚ ನೆಲಕ್ಕೆ ಬಿತ್ತು. ಎತ್ತಿಕೊಟ್ಟೆ. ಮತ್ತೆ ಬಿತ್ತು. ಕನ್ನಡಕದವರು ಕಿಟಕಿಯ ಕಡೆ ತಿರುಗಿ ನಿಂತರು.

"ನೀನೇ ಮಾಡು," ಅಂದ. "ಹಲ್ಲಿಗೆ ಬಣ್ಣ ತೀಡ್ತೀಯಲ್ಲ, ಹಂಗೇ."

ಚೀಲದಿಂದ ನನ್ನದೇ ಕುಂಚ ತೆಗೆದೆ. ಅವನು ಹೇಳುತ್ತಾ ಹೋದ, ನಾನು ಮಾಡುತ್ತಾ ಹೋದೆ. "ಮುಟ್ಟು, ಒರೆಸಬೇಡ. ಕೆಳಗಿನ ಹೂವಿಂದ ಮೇಲಕ್ಕೆ ಹೋಗು. ಉಸಿರು ಬಿಡಬೇಡ ಮಾರಾಯ್ತಿ, ಹಾರಿಹೋಗುತ್ತೆ." ಮುಗಿದಾಗ ಕತ್ತು ಹಿಡಿದುಕೊಂಡಿತ್ತು. ಹೂವಿನ ವಾಸನೆ ಒದ್ದೆ ಕಂಬಳಿಯಂತೆ ಮೂಗಿಗೆ ಅಂಟಿತ್ತು.

"ಕೈ ಚೆನ್ನಾಗಿದೆ ನಿಂದು," ಅಂದ. ಹುಟ್ಟಿದಾಗಿನಿಂದ ನನ್ನನ್ನು ಹೊಗಳಿದವನಲ್ಲ.

ಸಂಜೆ ಅವನ ಅಂಗಿಯ ಗುಂಡಿ ನಾನೇ ಹಾಕಿದೆ. ಇಬ್ಬರೂ ಬೇರೆ ಕಡೆ ನೋಡುತ್ತಿದ್ದೆವು.

ಮಾರ್ಚ್ ೨

ಚಮಚ ಹಿಡಿಯಲು ಆಗುತ್ತಿಲ್ಲ.

ಮಾರ್ಚ್ ೧೮

ಕಾಯಿ ಕಟ್ಟಿವೆ, ಆದರೆ ಅರ್ಧಕ್ಕರ್ಧ ಒಣಗಿ ಕಪ್ಪಾಗಿವೆ. ಕಿತ್ತು ಹಾಕು ಅಂದ. ಎರಡನ್ನು ಬಿಟ್ಟೆ, ಇನ್ನೂ ಸ್ವಲ್ಪ ಹಸಿರಿದ್ದವು. ಮೆಟ್ಟಿಲು ಹತ್ತಿಸಿ ಕರೆದುಕೊಂಡು ಹೋದಾಗ ಮೊದಲು ಅವನ ಕಣ್ಣಿಗೆ ಬಿದ್ದದ್ದೇ ಅವು.

"ಕನಿಕರ ತೋರಿಸ್ತಿದ್ದೀಯಾ?"

"ಬದುಕಿದರೆ ಬದುಕಲಿ ಅಂತ."

"ಬದುಕಲ್ಲ. ಬದುಕೋವುಗಳ ಊಟ ತಿಂದು ಸಾಯ್ತಾವೆ." ಅವನ ನಾಲಿಗೆ 'ಸಾಯ್ತಾವೆ'ಯ ಮೇಲೆ ಎಡವಿತು. ಇಬ್ಬರಿಗೂ ಕೇಳಿಸಿತು. ಇನ್ನೊಮ್ಮೆ ಸರಿಯಾಗಿ ಹೇಳಲು ನೋಡಿದ, ಆಗಲಿಲ್ಲ.

ಕಿತ್ತು ಹಾಕಿದೆ. ಇಂಥವನ ಹತ್ತಿರ ಬೆಳೆಯುವುದಕ್ಕಿಂತ ಆ ಗಿಡಗಳು ಕಾಡಿನಲ್ಲಿ ಹುಟ್ಟಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಏಪ್ರಿಲ್ ೨೩

ಬಿಸಿಲು ಬೆಂಕಿ. ಈ ಗಿಡಗಳು ಬೆಟ್ಟದ ಮೇಲಿನವು, ರಾತ್ರಿ ತಂಪಿರಬೇಕು. ಮಧ್ಯಾಹ್ನ ಕರೆಂಟು ಹೋಗಿ ಸಂಜೆಯಾದರೂ ಬರಲಿಲ್ಲ. ಗಾಜಿನ ಕೋಣೆ ಒಲೆಯಾಯಿತು. ಕನ್ನಡಕದವರು ಸ್ಕೂಟರಿನಲ್ಲಿ ಐಸ್ ಗಡ್ಡೆ ಹೊತ್ತು ತಂದರು, ಎರಡು ಸಲ. ದೊಡ್ಡಬಾಯಿಯ ಸುತ್ತ ಇಟ್ಟು, ಒದ್ದೆ ಬಟ್ಟೆ ಕಟ್ಟಿ ಅದೊಂದನ್ನು ಉಳಿಸಿಕೊಂಡೆವು. ಉಳಿದವುಗಳಲ್ಲಿ ಮುಕ್ಕಾಲು ಪಾಲು ಸುಟ್ಟ ಕಾಗದದಂತೆ ಮುದುಡಿದವು.

ಅಣ್ಣ ಮೇಲೆ ಬರುವುದು ನಿಂತಿದೆ. ಲಿಫ್ಟು ಕಡೇ ಮಹಡಿಯ ತನಕ ಮಾತ್ರ, ತಾರಸಿಗೆ ಮೆಟ್ಟಿಲು. "ಊರಿಗೆಲ್ಲ ಲಿಫ್ಟ್ ಹಾಕಿಕೊಟ್ಟೆ," ಅಂತಾನೆ. ಅವನ ಮಾತು ಈಗ ನನಗೊಬ್ಬಳಿಗೇ ತಿಳಿಯುವುದು. ಐಸ್ ತಂದವರಿಗೆ ಅವನು ಏನೋ ಅಂದ. ಅಂದದ್ದು "ಕತ್ತೆ, ಐಸ್ ನೀರು ಬೇರಿಗೆ ಬಿಟ್ಟಿರ್ತಾನೆ." ನಾನು "ತುಂಬ ಉಪಕಾರವಾಯ್ತು ಅಂತಿದ್ದಾನೆ" ಅಂದೆ.

ಕನ್ನಡಕದವರು ಅವನನ್ನೂ ನನ್ನನ್ನೂ ನೋಡಿದರು. "ಉಪಕಾರದಲ್ಲಿ 'ಕತ್ತೆ' ಎಲ್ಲಿ ಬಂತು?"

ಅಣ್ಣ ನಗಲು ಹೋಗಿ ಕೆಮ್ಮಿದ. ಕೆಮ್ಮು ನಿಲ್ಲಲು ಬಹಳ ಹೊತ್ತು ಹಿಡಿಯಿತು.

ಮೇ ೧೬

ಕಾಯಿ ಬಿರಿದವು. ಬೀಜ ನೋಡಿದರೆ ಕ್ಷೌರದಂಗಡಿಯ ನೆಲದ ಮೇಲಿನ ಕೂದಲ ಚೂರು. ಇದಕ್ಕೋ ಇಷ್ಟು ಒದ್ದಾಟ! ಬಹಳಷ್ಟು ಜೊಳ್ಳು. ದೀಪಕ್ಕೆ ಹಿಡಿದು, ಮಧ್ಯೆ ಚುಕ್ಕೆಯಷ್ಟು ದಪ್ಪವಿರುವುದನ್ನು ಆರಿಸಿದೆ. ಒದ್ದೆ ಪಾಚಿ ತುಂಬಿದ ತಟ್ಟೆಯನ್ನು ಕೆಳಗೆ ತಂದು ಅವನ ಗಾಲಿಕುರ್ಚಿಯ ಮುಂದಿಟ್ಟೆ. ಕಾಗದ ಮಡಚಿ, ಬೆರಳಲ್ಲಿ ತಟ್ಟಿ ತಟ್ಟಿ ಉದುರಿಸಿದೆ. ಗಾಜು ಮುಚ್ಚಿದೆ.

"ಎಷ್ಟು ದಿನಕ್ಕೆ ಹೂಜಿ ಬಿಡ್ತಾವೆ?" ಅಂದೆ.

"ಸಣ್ಣವು ಬೇಗ." ಉಸಿರು ತೆಗೆದುಕೊಂಡ. "ಪಟ್ಟೆ ಕಾಣೋಕೆ ನಾಲ್ಕೈದು ವರ್ಷ."

ಆಮೇಲೆ ಇಬ್ಬರೂ ಟಿವಿ ನೋಡಿದೆವು.

ಜೂನ್ ೧೧

ನೀರು ಕುಡಿದರೆ ನೆತ್ತಿಗೇರುತ್ತಿದೆ. ಅರೆದು ಕೊಟ್ಟ ಊಟವೂ ಬಾಯಲ್ಲೇ ನಿಲ್ಲುತ್ತದೆ. ನರದ ಡಾಕ್ಟರು ಹೊಟ್ಟೆಗೆ ನಳಿಕೆ ಹಾಕಿಸಿ ಅಂದರು. ಅಣ್ಣ ಕಣ್ಣು ಮುಚ್ಚಿದ. ಮಾತು ನಿಂತ ಮೇಲೆ ನಮ್ಮ ಒಪ್ಪಂದ ಹೀಗಿದೆ: ಕಣ್ಣು ಮೇಲಕ್ಕೆತ್ತಿದರೆ ಹೂಂ, ಮುಚ್ಚಿದರೆ ಊಹೂಂ. ನಾನು ನೋಡದವಳ ಹಾಗೆ "ಮುಂದಿನ ವಾರ ಮಾಡಿಸ್ತೀವಿ ಡಾಕ್ಟ್ರೇ" ಅಂದೆ. ದಿನ ಗೊತ್ತು ಮಾಡಿಸಿಕೊಂಡೇ ಬಂದೆ.

ದಾರಿಯುದ್ದಕ್ಕೂ ನನ್ನ ಕಡೆ ನೋಡಲಿಲ್ಲ. ನೋಡದಿದ್ದರೆ ಕತ್ತೆಬಾಲ. ಹಸಿದು ಸಾಯಲಿ ಅಂತ ಬಿಡಲೇ? ಇವನ ಜಂಬಕ್ಕೆ ನಾನು ಕೈಕಟ್ಟಿ ಕೂರುವವಳಲ್ಲ.

ಜೂನ್ ೧೪

ರಟ್ಟಿನ ಮೇಲೆ ಅಕ್ಷರಮಾಲೆ ಬರೆದಿದ್ದೇನೆ. ನಾನು ಬೆರಳಿಡುತ್ತಾ ಹೋಗುವುದು, ಬೇಕಾದ ಅಕ್ಷರ ಬಂದಾಗ ಅವನು ಕಣ್ಣೆತ್ತುವುದು. ಆಮೇಲೆ ಗುಣಿತ. ಆಮೇಲೆ ಒತ್ತಕ್ಷರ. ಕನ್ನಡಕ್ಕೆ ಒತ್ತು ಕೊಟ್ಟವರು ಯಾರೋ, ಅವರಿಗೆ ಈ ಕಾಯಿಲೆ ಬಂದಿರಲಿಲ್ಲ.

ಮೊದಲು "ಬೇಡ" ಬಂತು. ನಾನು ರಟ್ಟು ಕೆಳಗಿಟ್ಟು ಕೂಗಾಡಿದೆ. ಒಬ್ಬನೇ ಹುಟ್ಟಿದ ಹಾಗೆ ಆಡ್ತೀಯಲ್ಲ, ನನಗೆ ಇನ್ಯಾರಿದ್ದಾರೆ, ನಮ್ಮನೆಯವರೂ ಹೋಗಿಬಿಟ್ಟರು, ನೀನೂ ಹೊರಟೆಯಾ ಅಂತ. ಅವನು ಮತ್ತೆ ರಟ್ಟಿನ ಕಡೆ ಕಣ್ಣು ಹಾಯಿಸಿದ. ಏನೋ ಒಳ್ಳೆಯ ಮಾತು ಹೇಳುತ್ತಾನೆ ಅಂತ ಎತ್ತಿಕೊಂಡೆ. ಬೆವರು ಕಿತ್ತುಬರುವಷ್ಟು ಹೊತ್ತು ಹಿಡಿದು ಬಂದದ್ದು: "ಪಾಚಿ ಒಣಗಿದೆ."

ರಟ್ಟು ಎಸೆದು ಮೇಲೆ ಹೋದೆ. ಕೆಳಗೆ ಕೂತವನಿಗೆ ಹೇಗೆ ಗೊತ್ತಾಯಿತೋ, ಒಣಗಿತ್ತು ನಿಜ. ನೀರು ಚಿಮುಕಿಸಿದೆ.

ಜೂನ್ ೧೭

ನಳಿಕೆಯ ದಿನ ಮುಂದಕ್ಕೆ ಹಾಕಿಸಿದೆ. ರದ್ದು ಮಾಡಿಲ್ಲ, ಬರೀ ಮುಂದಕ್ಕೆ.

ಜುಲೈ ೭

ಮೊಳೆತಿವೆ.

ಪಾಚಿಯ ಮೇಲೆ ಹಸಿರು ಚುಕ್ಕೆ. ಮೊದಲು ಪಾಚಿಯದೇ ಅಂದುಕೊಂಡೆ. ಲ್ಯಾಬಿನ ಭೂತಗನ್ನಡಿ ಹಿಡಿದಾಗ ಎರಡೆರಡು ಎಲೆ ಕಂಡವು. ತಟ್ಟೆಯನ್ನು ಕೆಳಗಿಳಿಸಿ, ಅವನ ತಲೆಯನ್ನು ಒಂದು ಕೈಯಲ್ಲಿ ಎತ್ತಿ, ಇನ್ನೊಂದು ಕೈಯಲ್ಲಿ ಭೂತಗನ್ನಡಿ ಹಿಡಿದೆ. ಒಂದೊಂದನ್ನೂ ನೋಡಿದ. ಸರಿಸು ಅಂತ ಕಣ್ಣಲ್ಲೇ ಹೇಳುತ್ತಿದ್ದ. ನನ್ನ ಕೈ ಸೋತಿತು, ಅವನಿಗೆ ಸಾಕಾಗಲಿಲ್ಲ.

ಅವನ ತಲೆ ಎಷ್ಟು ಹಗುರವಾಗಿದೆ.

ಆಗಸ್ಟ್ ೧೩

ಮೊಳಕೆಗಳಿಗೆ ಬೂಷ್ಟು. ಒಂದು ಮೂಲೆಯಿಂದ ಬಿಳಿ ಕೂದಲು ಹಬ್ಬುತ್ತಿದೆ. ಕನ್ನಡಕದವರು ಏನೋ ಪುಡಿ ತಂದು ಹಾಕಿ ನೋಡಿದರು, ಪ್ರಯೋಜನವಾಗಲಿಲ್ಲ. ತಟ್ಟೆಯನ್ನು ಅಣ್ಣನ ಮುಂದಿಟ್ಟೆ. ರಟ್ಟಿನ ಮೇಲೆ "ಕೀಳು" ಅಂದ.

ರೋಗ ಬಂದದ್ದನ್ನಷ್ಟೇ ಅಲ್ಲ, ಅದರ ಪಕ್ಕದ್ದನ್ನೂ. ಚಿಮುಟ ಹಿಡಿದು ನಾನು ಒಂದೊಂದನ್ನು ಮುಟ್ಟಬೇಕು, ಅವನು ಕಣ್ಣೆತ್ತಬೇಕು ಇಲ್ಲ ಮುಚ್ಚಬೇಕು. ಹೀಗೆ ಸಂಜೆಯ ತನಕ. ಹೆತ್ತವನೇ ನಿಂತು ಮಾಡಿಸಿದ. ನನಗೆ ಅಳು ಬಂತು, ಅವನಿಗೆ ಬರಲಿಲ್ಲ. ಕೊನೆಗೆ ತಟ್ಟೆಯಲ್ಲಿ ಉಳಿದದ್ದು ಅಲ್ಲೊಂದು ಇಲ್ಲೊಂದು.

ಊಟ ಒಂದು ಲೋಟದಷ್ಟು ಇಳಿದರೆ ಹೆಚ್ಚು. ಮೂಗು ಹಿಡಿದು ತಿನ್ನಿಸುವುದನ್ನು ಬಿಟ್ಟಿದ್ದೇನೆ. ಕಣ್ಣು ಮುಚ್ಚಿದರೆ ಚಮಚ ಕೆಳಗಿಡುತ್ತೇನೆ.

ಆಗಸ್ಟ್ ೩೦

ಇವತ್ತು ಇನ್ನೂ ಮೂರು ಕಿತ್ತೆ. ಅವನು ಮಲಗಿದ್ದ, ಎಬ್ಬಿಸಲಿಲ್ಲ.

ಸೆಪ್ಟೆಂಬರ್ ೧೨

ಆಸ್ಪತ್ರೆಯಿಂದ ಬಂದೆವು. ಎದೆಯಲ್ಲಿ ಕಫ ಕಟ್ಟಿ ಮುಖ ನೀಲಿಯಾಗಿತ್ತು. ಆಂಬುಲೆನ್ಸಿನಲ್ಲಿ ಅವನ ಕೈ ಹಿಡಿದಿದ್ದೆ, ಹಿಂದಕ್ಕೆ ಹಿಡಿಯಲಾಗದ ಕೈ.

ಅಲ್ಲಿದ್ದ ಡಾಕ್ಟರಮ್ಮ ಹೊಸಬರು, ಒಳ್ಳೆಯವರು. ನನ್ನನ್ನು ಪಕ್ಕಕ್ಕೆ ಕರೆದರು. "ಗಂಟಲಲ್ಲಿ ತೂತು ಮಾಡಿ ಯಂತ್ರಕ್ಕೆ ಹಾಕಬೇಕಾಗುತ್ತೆ. ಹಾಕಿದ ಮೇಲೆ ತೆಗೆಯೋಕಾಗಲ್ಲ. ಈಗಲೇ ಹೇಳಬೇಕು ನೀವು."

"ಪಕ್ಕಕ್ಕೆ ಬೇಡ, ಅವನ ಮುಂದೇನೇ ಕೇಳಿ," ಅಂದೆ. ಕೇಳಿದರು. ಅಣ್ಣ ಕಣ್ಣು ಮುಚ್ಚಿದ. ತೆರೆದು ನನ್ನನ್ನು ನೋಡಿದ, ನಾನು ನೋಡಿದೆನೋ ಇಲ್ಲವೋ ಅಂತ. ಮತ್ತೆ ಮುಚ್ಚಿದ.

"ನಿದ್ದೆ ಮಂಪರಿರಬಹುದು," ಅಂದರು ಡಾಕ್ಟರಮ್ಮ.

"ಇಲ್ಲ. ಬೇಡ ಅಂತಿದ್ದಾನೆ."

"ನೀವೇನಂತೀರಿ?"

ಬೇಡ ಅಂದೆ.

ಮನೆಗೆ ಕರೆದುಕೊಂಡು ಬಂದೆ. ನೋವಾಗದ ಹಾಗೆ, ಉಸಿರು ಕಟ್ಟಿದ ಹಾಗೆ ಅನ್ನಿಸದಂತೆ ಹನಿ ಔಷಧಿ ಕೊಟ್ಟಿದ್ದಾರೆ. ನಾನು ಸರಿ ಮಾಡಿದೆನೋ ತಪ್ಪು ಮಾಡಿದೆನೋ. ಕನ್ನಡಕದವರು ಮೆಟ್ಟಿಲ ಮೇಲೆ ಕೂತು ಅತ್ತರು. ನಾನು ಅವರಿಗೆ ಟೀ ಮಾಡಿಕೊಟ್ಟೆ.

ಸೆಪ್ಟೆಂಬರ್ ೨೫

ಅಣ್ಣ ಹೋದ. ಬೆಳಿಗ್ಗೆ, ನಾನು ಮೇಲೆ ಮೊಳಕೆಗಳಿಗೆ ನೀರು ಹಾಕುತ್ತಿದ್ದಾಗ. ಕೆಳಗೆ ಬಂದು "ಎರಡು ಹೊಸ ಎಲೆ ಬಂದಿವೆ ನೋಡು" ಅಂದೆ. ಅಂದ ಮೇಲೆ ಗೊತ್ತಾಯಿತು.

ಅಕ್ಟೋಬರ್ ೮

ಎಲ್ಲ ಮುಗಿಯಿತು. ಬಂದವರು ಹೋದರು. ಗಾಲಿಕುರ್ಚಿ ವಾಪಸು ಕೊಟ್ಟೆ. ಇಷ್ಟು ತಿಂಗಳು ಕುಕ್ಕರಿನ ಸದ್ದಿಗೂ ಬೆಚ್ಚಿ ಓಡುತ್ತಿದ್ದವಳು, ಈಗ ಯಾವ ಸದ್ದಿಗೂ ಓಡಬೇಕಾಗಿಲ್ಲ. ನಡೆಯುವುದನ್ನೇ ಮರೆತವರ ಹಾಗೆ ಕೋಣೆಯ ಮಧ್ಯೆ ನಿಲ್ಲುತ್ತೇನೆ.

ಗಿಡಗಳನ್ನೆಲ್ಲ ಒಯ್ದುಬಿಡಿ ಅಂತ ಕನ್ನಡಕದವರಿಗೆ ಹೇಳಿದ್ದೇನೆ. ನನಗೆ ಇದರ ಸಹವಾಸ ಸಾಕು. ಮುಂದಿನ ವಾರ ಭಾನುವಾರ ಬರುತ್ತೇನೆ ಅಂದಿದ್ದಾರೆ.

ಅಕ್ಟೋಬರ್ ೧೮

ಕನ್ನಡಕದವರು ಗಾಡಿ ತಂದಿದ್ದರು. ಇವತ್ತು ಬಿಸಿಲು ಜಾಸ್ತಿ, ದಾರಿಯಲ್ಲಿ ಬಾಡುತ್ತವೆ ಅಂತ ಹಿಂದಕ್ಕೆ ಕಳಿಸಿದೆ. ಅವರು ಆಕಾಶ ನೋಡಿದರು. ಮೋಡವಿತ್ತು. ಗಾಡಿ ತಿರುಗಿಸಿದರು.

ಲ್ಯಾಬಿಗೆ ಪೂರ್ತಿ ದಿನ ಹೋಗುತ್ತಿದ್ದೇನೆ. ಯಾರದೋ ಮೇಲ್ದವಡೆಯ ಸೆಟ್ ಕೈಯಿಂದ ಜಾರಿ ಎರಡು ತುಂಡಾಯಿತು. ಲ್ಯಾಬಿನ ಯಜಮಾನರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ನವೆಂಬರ್ ೩

ದೊಡ್ಡಬಾಯಿಯ ಬುಡ ಮೆತ್ತಗಾಗಿತ್ತು. ಬಿಸಿಲಿನ ಪೆಟ್ಟು ಆಗಲೇ ಒಳಗೆ ಇಳಿದಿತ್ತೇನೋ, ಹೂ ಕಾಯಿ ಅಂತ ಇದ್ದಬದ್ದ ಶಕ್ತಿಯನ್ನೆಲ್ಲ ಸುರಿದುಬಿಟ್ಟಿತೇನೋ. ತುದಿಯ ತುಂಡು ಕತ್ತರಿಸಿ ಪಾಚಿಯಲ್ಲಿ ಊರಿ ನೋಡಿದೆ, ಅದೂ ಕಪ್ಪಾಯಿತು. ಇವತ್ತು ಬೇರುಸಮೇತ ತೆಗೆದು ಹಾಕಿದೆ. ಕುಂಡ ತೊಳೆದಿಟ್ಟೆ.

ಮೊಳಕೆ ಬೆರಳೆಣಿಕೆಯಷ್ಟಿವೆ. ಸಾಸಿವೆಗಿಂತ ಚಿಕ್ಕ ಹೂಜಿ ಬಿಟ್ಟಿವೆ, ಮುಚ್ಚಳವೂ ಇದೆ. ಪಟ್ಟೆಗಿಟ್ಟೆ ಏನೂ ಇಲ್ಲ. ಇವೂ ಉಳಿಯುವ ಲಕ್ಷಣ ಕಾಣೆ. ಭಾನುವಾರಕ್ಕೆ ಗಾಡಿ ಬೇಡ, ನೆಗಡಿ ಅಂತ ಹೇಳಿ ಕಳಿಸಿದೆ.

ನವೆಂಬರ್ ೨೨

ಅಣ್ಣನ ಫೋನು ಬಡಿದುಕೊಂಡಿತು. ಅದನ್ನು ಯಾಕೆ ಚಾರ್ಜಿಗೆ ಹಾಕಿಡುತ್ತೇನೋ. ಯಾವುದೋ ದೂರದ ಊರಿನವರು, ಶಾಲಾ ಮೇಷ್ಟ್ರಂತೆ.

"ಸರ್ ಇದ್ದಾರಾ? ಹಿಂದೊಂದು ಸಲ ಅವರ ಹತ್ತಿರ ಹೂಜಿ ಗಿಡದ ತುಂಡು ತಗೊಂಡು ಹೋಗಿದ್ದೆ."

"ನಾನು ಅವರ ತಂಗಿ. ಏನಾಗಬೇಕಿತ್ತು?"

ಎಲೆ ಚೆನ್ನಾಗಿ ಬರುತ್ತಿವೆಯಂತೆ, ಹೂಜಿ ಮಾತ್ರ ಕಡಲೆಕಾಳಿನಷ್ಟಾಗಿ ಅಲ್ಲೇ ಒಣಗುತ್ತಿವೆಯಂತೆ. ಎಲ್ಲಿಟ್ಟಿದ್ದೀರಿ ಅಂತ ಕೇಳಿದೆ. ಕಿಟಕಿಯಲ್ಲಿ, ಫ್ಯಾನಿನ ಎದುರಿಗೆ. ಫ್ಯಾನು ತಿರುಗಿಸಿ ಮೇಷ್ಟ್ರೇ, ಗಾಳಿ ನೇರ ಬಡಿದರೆ ತೇವ ನಿಲ್ಲಲ್ಲ ಅಂದೆ. ನಲ್ಲಿ ನೀರು ಹಾಕ್ತೀರಾ? ಹಾಕ್ತೀರಿ, ಅಲ್ಲವಾ? ಬಿಡಿ ಅದನ್ನ. ಮಳೆ ನೀರು ಹಿಡಿದಿಡಿ. ಗೊಬ್ಬರ ಹಾಕಿದ್ದೀರಾ? ಅಯ್ಯೋ, ಯಾರು ಹೇಳಿದ್ದು ನಿಮಗೆ? ಗೊಬ್ಬರ ಸಿಕ್ಕರೆ ಅದು ನೊಣ ಹಿಡಿಯೋ ಕಷ್ಟ ಯಾಕೆ ಪಡುತ್ತೆ, ಕೂತಲ್ಲಿಗೇ ಊಟ ಬಂದರೆ ನೀವು ಶಾಲೆಗೆ ಹೋಗ್ತೀರಾ? ಪಾಚಿ ಬದಲಾಯಿಸಿ, ಬೇರು ಎಳೀಬೇಡಿ, ಎಳೆಗೂದಲ ಹಾಗಿರುತ್ತೆ. ಎರಡು ತಿಂಗಳು ಏನೂ ಆಗಲ್ಲ, ಆಗ ಕೈ ಹಾಕೋಕೆ ಹೋಗಬೇಡಿ.

ಮೇಷ್ಟ್ರು ಎಲ್ಲ ಬರೆದುಕೊಳ್ಳುತ್ತಿದ್ದರು, ಪೆನ್ನಿನ ಸದ್ದು ಕೇಳುತ್ತಿತ್ತು. ಈಗ ಏನು ಹೊಸ ತಳಿ ಮಾಡ್ತಿದ್ದೀರಿ ಅಂತ ಕೇಳಿದರು. ಒಂದು ಮಾಡಿದ್ದೀವಿ, ಇನ್ನೂ ಚಿಕ್ಕವು ಅಂದೆ. ನೋಡೋಕೆ ಬರಬಹುದಾ ಅಂದರು. ಈಗ ಬಂದರೆ ಏನೂ ಕಾಣಲ್ಲ, ಒಂದೆರಡು ವರ್ಷ ಬಿಟ್ಟು ಬನ್ನಿ ಅಂದೆ.

"ಆಗಲಿ ಮೇಡಂ. ಸರ್‌ಗೆ ನನ್ನ ನಮಸ್ಕಾರ ತಿಳಿಸಿ."

ಹೇಳ್ತೀನಿ ಅಂದೆ.